ಮೈಸೂರಿನಿಂದ ತಂದ ಅಲಂಕಾರದ ಡಬ್ಬಿ

ಮೈಸೂರಿಗೆ ಹೋಗುವುದೆಂದರೆ ನಮ್ಮ ಹುಣಸೂರಿನವರಿಗೆ ಪ್ರವಾಸವೇನಲ್ಲ. ಸುಮಾರು 45 ಕಿಲೋಮೀಟರು ದಾರಿ. ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತದೆ. ಸೀರೆಗೆ, ಕಣ್ಣಿನ ಡಾಕ್ಟರಿಗೆ, ದಸರೆಗೆ ಅಂತ ಎಷ್ಟೋ ಸಲ ಹೋಗಿಬಂದಿದ್ದೇನೆ. ಆದರೆ ಕಳೆದ ತಿಂಗಳು ಮಗಳ ಜೊತೆ ಹೊರಟದ್ದು ಮುಖಕ್ಕೆ ಹಚ್ಚುವ ಸಾಮಾನು ಕೊಳ್ಳುವುದಕ್ಕೆ. "ಇದಕ್ಕೂ ಬಸ್ ಚಾರ್ಜೇ?" ಎಂದರು ನಮ್ಮ ಯಜಮಾನರು.

ಕಾರಣ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಭಾವನವರ ಮಗಳ ಮದುವೆಯಲ್ಲಿ ಇವಳನ್ನೂ ಅಲಂಕಾರಕ್ಕೆ ಕೂರಿಸಿದ್ದೆವು. ಎದ್ದು ಬಂದಾಗ ಮುಖ ಅಕ್ಕಿಹಿಟ್ಟು ಮೆತ್ತಿದ ಹಾಗೆ ಬೆಳ್ಳಗೆ, ಕತ್ತು ಕೈಗಳು ಅವಳದೇ ಎಣ್ಣೆಗೆಂಪು. "ಎಷ್ಟು ಬೆಳ್ಳಗೆ ಕಾಣ್ತೀಯೇ!" ಎಂದು ಮೊದಲು ಹೊಗಳಿದವಳು ನಾನೇ. ಆಲ್ಬಮ್ ಬಂದ ದಿನ ಅವಳು ಅದನ್ನು ನೋಡಿ ಮುಚ್ಚಿಟ್ಟಳು, ಮತ್ತೆ ತೆಗೆಯಲಿಲ್ಲ. ಈಗ ಅವಳ ನಿಶ್ಚಿತಾರ್ಥ ಗೊತ್ತಾಗಿದೆ. "ಅಮ್ಮ, ಯಾರ ಕೈಗೂ ಮುಖ ಕೊಡಲ್ಲ. ನಾನೇ ಮಾಡ್ಕೋತೀನಿ. ಬೇಕಾದ್ದಷ್ಟು ಸಾಮಾನು ಕೊಡಿಸು, ಸಾಕು" ಎಂದಳು. ಕೊಡಿಸಲೇಬೇಕಾಯಿತು.

ಪೇಟೆಗೆ ಹೋದಮೇಲೆ ದೇವರಾಜ ಮಾರುಕಟ್ಟೆ ನೋಡದೆ ಬರುವುದುಂಟೆ? ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಕಾಲಿಟ್ಟರೆ ವೀಳ್ಯದೆಲೆ, ಬಾಳೆಹಣ್ಣು, ಮಲ್ಲಿಗೆ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬರುತ್ತದೆ. 2016ರ ಆಗಸ್ಟಿನಲ್ಲಿ ಧನ್ವಂತರಿ ರಸ್ತೆಯ ಕಡೆಯ ಬಾಗಿಲು ಕುಸಿದುಬಿದ್ದ ಸುದ್ದಿ ಓದಿ ಹೊಟ್ಟೆ ಚುರುಕ್ ಎಂದಿತ್ತು. ಕುಂಕುಮದ ಅಂಗಡಿಗಳ ಅಂದ ಬೇರೆ ಯಾವ ಊರಲ್ಲೂ ನಾನು ಕಂಡಿಲ್ಲ. ಕೆಂಪು, ಅರಿಶಿನ, ನೀಲಿ, ನೇರಳೆ, ಗಿಳಿಹಸಿರು ಪುಡಿಗಳನ್ನು ಗೋಪುರದ ಹಾಗೆ ಚೂಪಾಗಿ ಕಟ್ಟಿಟ್ಟಿರುತ್ತಾರೆ. ಪ್ರವಾಸಿಗಳು ಫೋಟೋ ತೆಗೆಯುವುದೇ ತೆಗೆಯುವುದು. ಅಲ್ಲಿ ಕೂತಿದ್ದ ಹಿರಿಯರು ಪ್ರಾಮಾಣಿಕರು. ನಾನು ಒಂದು ಗುಲಾಬಿ ಪುಡಿಯತ್ತ ಕೈ ತೋರಿಸಿದ ಕೂಡಲೇ, "ಅದು ರಂಗೋಲಿಗೆ ತಾಯಿ, ಹಣೆಗಲ್ಲ. ಹಣೆಗೆ ಇದು" ಎಂದು ಪಕ್ಕದ ಡಬ್ಬಿ ತೆರೆದರು. ಅರಿಶಿನಕ್ಕೆ ಸುಣ್ಣದ ಅಂಶ ಸೇರಿದರೆ ಕೆಂಪಾಗುತ್ತದೆ. ಹಳೆಯ ಕುಂಕುಮದ ಗುಟ್ಟು ಅದೇ. ಬರಿಯ ಬಣ್ಣದ ಪುಡಿಯನ್ನು ದಿನವೂ ಇಟ್ಟುಕೊಂಡು ಹಣೆಯಲ್ಲಿ ನವೆ, ಕಪ್ಪು ಕಲೆ ತರಿಸಿಕೊಂಡವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾದದ್ದು 1916ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಆ ಹೆಸರಿನ ಆಸೆಗೆ ಮಾರುಕಟ್ಟೆಯಲ್ಲಿ ಅತ್ತರಿನವರು ಕರೆದು ಕರೆದು ಮುಂಗೈಗೆ ಎಣ್ಣೆ ಸವರುತ್ತಾರೆ. ವಾಸನೆ ನೋಡಿ, ಬೇಕಾದರೆ ಕೊಳ್ಳಿ. ಆದರೆ ಅಂಥ ಗಟ್ಟಿ ಎಣ್ಣೆಯನ್ನು ಹಾಗೆಯೇ ಮುಖಕ್ಕೆ ಹಚ್ಚಬೇಡಿ, ಉರಿಯುತ್ತದೆ.

ಅಲ್ಲಿಂದ ಸಯ್ಯಾಜಿ ರಾವ್ ರಸ್ತೆಗೆ ಬಂದು ಒಂದು ಫ್ಯಾನ್ಸಿ ಸ್ಟೋರಿಗೆ ಹೋದೆವು. ಕೌಂಟರಿನ ಹುಡುಗ ಮಗಳ ಮುಖವನ್ನೊಮ್ಮೆ ನೋಡಿ, ಎಲ್ಲಕ್ಕಿಂತ ತಿಳಿಬಣ್ಣದ ಫೌಂಡೇಶನ್ ಸೀಸೆ ಮುಂದಿಟ್ಟ. "ಇದು ಹಾಕಿದ್ರೆ ಒಳ್ಳೆ ಕಲರ್ ಬರುತ್ತೆ ಮೇಡಂ." ನಾನೂ ತಲೆಯಾಡಿಸಿದೆ! 2020ರಲ್ಲಿ ಫೇರ್ ಅಂಡ್ ಲವ್ಲಿಯವರೇ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಎಂದರು. ನನ್ನ ತಲೆಯೊಳಗಿನ ಹೆಸರು ಮಾತ್ರ ಬದಲಾಗಿರಲಿಲ್ಲ ನೋಡಿ.

ಮಗಳು ಮಾತಾಡಲಿಲ್ಲ. ಮೂರು ಬಣ್ಣ ತೆಗೆಸಿ, ದವಡೆಯ ಅಂಚಿನಲ್ಲಿ ಮೂರು ಗೆರೆ ಎಳೆದುಕೊಂಡು, ನನ್ನ ಕೈ ಹಿಡಿದು ಅಂಗಡಿಯ ಬಾಗಿಲಿಗೆ ಬಂದಳು. ಒಳಗಿನ ದೀಪದಲ್ಲಿ ಮೂರೂ ಚೆನ್ನಾಗಿಯೇ ಕಂಡಿದ್ದವು. ಬಿಸಿಲಿನಲ್ಲಿ ಮೊದಲನೆಯದು ಸುಣ್ಣದ ಗೆರೆ. ಎರಡನೆಯದು ಬೂದಿ. ಮೂರನೆಯದನ್ನು ಹುಡುಕಬೇಕಾಯಿತು, ಚರ್ಮದೊಳಗೆ ಇಂಗಿಹೋದ ಹಾಗಿತ್ತು. "ಕಾಣದೇ ಇರೋದೇ ನನ್ನ ಬಣ್ಣ ಅಮ್ಮ" ಎಂದಳು. ಮೂರರಲ್ಲಿ ಅದೇ ಎಲ್ಲಕ್ಕಿಂತ ಗಾಢ. ನನಗೆ ಆಲ್ಬಮ್ ನೆನಪಾಗಿ ಕಣ್ಣು ಮಂಜಾಯಿತು, ಬಿಸಿಲಿಗೆ ಅಂತ ಸೆರಗಿನಿಂದ ಒರೆಸಿಕೊಂಡೆ.

ಉಳಿದ ಕೊಳ್ಳುವಿಕೆ ಬೇಗ ಮುಗಿಯಿತು. ಒಂದು ಕಾಂಪ್ಯಾಕ್ಟ್, ಒಂದು ಕಾಡಿಗೆ, ಎರಡು ಲಿಪ್‌ಸ್ಟಿಕ್ (ಒಂದು ದಿನಬಳಕೆಗೆ ಇಟ್ಟಿಗೆಯ ಬಣ್ಣದ್ದು, ಒಂದು ಸೀರೆಗೆ ಒಪ್ಪುವ ಕಡುಗೆಂಪು). ಕೆನ್ನೆಗೆ ಬೇರೆ ರಂಗು ಬೇಡವೆಂದಳು. ಇಟ್ಟಿಗೆಯ ಬಣ್ಣವನ್ನೇ ಬೆರಳ ತುದಿಯಿಂದ ಚೂರು ಸವರಿದರೆ ಆಯಿತಂತೆ. ನಮ್ಮಮ್ಮನ ಟ್ರಂಕಿನಲ್ಲಿ ಒಂದು ಅಫ್ಘಾನ್ ಸ್ನೋ, ಒಂದು ಪೌಡರು ಬಿಟ್ಟರೆ ಏನಿತ್ತು? ಸುರ್ಮಾ ಕೊಡಲು ಬಂದರು, ಬೇಡವೆಂದೆ. ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಸಲ್ಲದು. ಕೊಳ್ಳುವಾಗ ತಯಾರಿಸಿದ ತಾರೀಕು, ಲೈಸೆನ್ಸ್ ನಂಬರು ನೋಡಿ. ಕೆಲವು ಡಬ್ಬಿಗಳ ಮೇಲೆ ಮುಚ್ಚಳ ತೆಗೆದ ಭರಣಿಯ ಚಿತ್ರವಿದ್ದು ಅದರಲ್ಲಿ 12 ಎಂಬಂಥ ಅಂಕಿ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದೆಂದು ಅರ್ಥ. ನಾನು ಅದನ್ನು ಇಷ್ಟು ದಿನ ಬೆಲೆಗೆ ಸಂಬಂಧಿಸಿದ್ದು ಅಂದುಕೊಂಡಿದ್ದೆ.

ಬ್ರಷ್ಷುಗಳ ವಿಷಯಕ್ಕೆ ತಕರಾರಾಯಿತು. ಹುಡುಗ 24 ಬ್ರಷ್ಷಿನ ಕಟ್ಟು ತೋರಿಸಿದ, ಅಗ್ಗವೇ. ಒಂದನ್ನು ಕೈಮೇಲೆ ತಿಕ್ಕಿ ನೋಡಿದರೆ ಆಗಲೇ ಮೂರು ಕೂದಲು ಉದುರಿತು. ಬಿಡಿಯಾಗಿ ನಾಲ್ಕೇ ತೆಗೆದುಕೊಂಡೆವು: ಪೌಡರಿಗೆ ದಪ್ಪನೆಯದು, ಫೌಂಡೇಶನ್ನಿಗೆ ಚಪ್ಪಟೆಯದು, ಕಣ್ಣಿನ ರೆಪ್ಪೆಗೆ ಸಣ್ಣದು, ಹುಬ್ಬಿಗೆ ಓರೆಯಾಗಿ ಕತ್ತರಿಸಿದ್ದು. ನೀರಿನ ಹಾಗಿರುವ, ಕ್ರೀಮಿನ ಹಾಗಿರುವ ಸಾಮಾನಿಗೆ ನೈಲಾನಿನಂಥ ಕೂದಲಿನದೇ ವಾಸಿ. ಹೀರಿಕೊಳ್ಳುವುದಿಲ್ಲ, ತೊಳೆದರೆ ಬೇಗ ಒಣಗುತ್ತದೆ. ಜೊತೆಗೊಂದು ಸ್ಪಂಜು. ಅದನ್ನು ಒದ್ದೆ ಮಾಡಿ ಹಿಂಡಿಯೇ ಬಳಸಬೇಕು, ಇಲ್ಲದಿದ್ದರೆ ಅರ್ಧ ಫೌಂಡೇಶನ್ ಅದರ ಹೊಟ್ಟೆಗೆ. ಎಲ್ಲ ಸೇರಿ 1,900 ರೂಪಾಯಿ ಚಿಲ್ಲರೆ. ಹೆಚ್ಚಾಯಿತೇ ಎಂದರೆ, ಪಾರ್ಲರಿನಲ್ಲಿ ಒಂದೇ ದಿನಕ್ಕೆ ಅದರ ಎರಡರಷ್ಟು ಕೇಳಿದ್ದರು.

ಮನೆಗೆ ಬಂದವಳೇ ಫೌಂಡೇಶನ್ನನ್ನು ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ಬಿಟ್ಟು ನೋಡಿದಳು. ತುರಿಕೆಯಾಗಲಿಲ್ಲ. ಬ್ರಷ್ಷುಗಳನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಮಕ್ಕಳ ಶಾಂಪೂ ಹಾಕಿ ತೊಳೆಯುತ್ತಾಳೆ. ನಾನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದ್ದಕ್ಕೆ ಬೈಸಿಕೊಂಡೆ. ನೀರು ಹಿಡಿಯೊಳಗೆ ಇಳಿದು ಅಂಟು ಬಿಡುತ್ತದಂತೆ. ಮಲಗಿಸಿ, ತಲೆ ಹಲಗೆಯ ಅಂಚಿನಿಂದ ಹೊರಗಿರುವ ಹಾಗೆ ಒಣಗಿಸಬೇಕು. ಸದ್ಯಕ್ಕೆ ನನ್ನ ಹಳೆಯ ಚಪಾತಿ ಡಬ್ಬಿಯೇ ಅವುಗಳ ಪೆಟ್ಟಿಗೆ.

ನಿಶ್ಚಿತಾರ್ಥದ ದಿನ ಅವಳೇ ಅರ್ಧ ಗಂಟೆಯಲ್ಲಿ ಸಿದ್ಧಳಾದಳು. ಮುಖಕ್ಕೂ ಕತ್ತಿಗೂ ನಡುವೆ ಗೆರೆಯಿಲ್ಲ. ನಮ್ಮ ಓರಗಿತ್ತಿ "ಏನೂ ಹಚ್ಚೇ ಇಲ್ವಲ್ಲ!" ಎಂದರು, ಬೇಸರದಿಂದಲೋ ಮೆಚ್ಚಿಯೋ ತಿಳಿಯಲಿಲ್ಲ. ಫೋಟೋ ಬಂದಿದೆ, ಹಾಲಿನಲ್ಲಿ ಹಾಕಿದ್ದೇವೆ.

ಮೊನ್ನೆ ಅವಳ ಸೀಸೆಯಿಂದ ನನ್ನ ದವಡೆಗೂ ಒಂದು ಗೆರೆ ಎಳೆದು ಅಂಗಳಕ್ಕೆ ಕರೆದೊಯ್ದಳು. ಗೆರೆ ಬೆಳ್ಳಗೇ ಉಳಿಯಿತು. ನನ್ನದು ಅವಳದಕ್ಕಿಂತ ಇನ್ನೊಂದು ನಂಬರ್ ಗಾಢವಂತೆ. ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದೇನೆ. ಮುಂದಿನ ಸಲ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಆ ಅಂಗಡಿಗೂ ಹೋಗಿಬರಬೇಕು.