ಹತ್ತಕ್ಕೆ ಎಷ್ಟು ನೋವು?

2025ರ ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವದ ಊಟ ಮುಗಿದ ಮೇಲೆ ಬ್ರ್ಯಾಂಪ್ಟನ್ನಿನ ನಮ್ಮ ಮನೆಗೆ ಬಂದದ್ದು ಅರ್ಧ ಪಾತ್ರೆ ಬಿಸಿಬೇಳೆ ಬಾತು, ಮೂವರು ಭಾವೀ ಡಾಕ್ಟರುಗಳು, ಒಬ್ಬ ಹಾಲಿ ಡಾಕ್ಟರು. ಪಾತ್ರೆ ನಮ್ಮದೇ. ಭಾವೀ ಡಾಕ್ಟರುಗಳಲ್ಲಿ ಒಬ್ಬಳು ನಮ್ಮ ಮಗಳು. ಹ್ಯಾಮಿಲ್ಟನ್ನಿನ ಮೆಕ್‌ಮಾಸ್ಟರಿನಲ್ಲಿ ಎರಡನೆಯ ವರ್ಷ. ಇನ್ನೊಬ್ಬ ನಮ್ಮ ಹಳೆಯ ಸದಸ್ಯರೊಬ್ಬರ ಮಗ. ಆ ಸೆಪ್ಟೆಂಬರಿನಲ್ಲಷ್ಟೇ ನಮ್ಮ ಊರಿನಲ್ಲಿ ಬಾಗಿಲು ತೆರೆದಿದ್ದ ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನ ಮೊದಲ ತಂಡದ 94 ಜನರಲ್ಲಿ ಅವನೂ ಸೇರಿದ್ದಾನೆ. (ಹಳಬರಿಗೆ ಗುರುತು ಹೇಳುವುದಾದರೆ, ಮಕ್ಕಳನ್ನು ಲೈಬ್ರರಿಗೆಂದು ಕರೆದೊಯ್ಯುತ್ತಿದ್ದೆವಲ್ಲ, ಆ ಬ್ರಾಮಲೀ ಸಿವಿಕ್ ಸೆಂಟರ್ ಕಟ್ಟಡವೇ ಈಗ ಮೆಡಿಕಲ್ ಕಾಲೇಜು!) ಮೂರನೆಯವಳು ಮಗಳ ಸ್ನೇಹಿತೆ, ಟೊರಾಂಟೊ ವಿಶ್ವವಿದ್ಯಾಲಯದವಳು. ಹಾಲಿ ಡಾಕ್ಟರು ಮೈಸೂರಿನಿಂದ ಬಂದಿದ್ದ ನಮ್ಮ ಅಣ್ಣನ ಮಗ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹೆಗ್ಗಡದೇವನಕೋಟೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷದ ಕಡ್ಡಾಯ ಸೇವೆ ಮಾಡಿ, ಮುಂದಿನ ಪರೀಕ್ಷೆಗೆ ಓದುವುದರ ನಡುವೆ ಮೂರು ವಾರ ಬಿಡುವು ಮಾಡಿಕೊಂಡು ಬಂದಿದ್ದ.

ನಾಲ್ವರೂ ಬೇಸ್‌ಮೆಂಟಿನಲ್ಲಿ ಕಂಬಳಿ ಹೊದ್ದು ಕೂತರು. ನಾವು ಗಂಡ ಹೆಂಡತಿ ಕಾಫಿ ಕೊಡುವ ನೆಪದಲ್ಲಿ ಹೋಗಿ ಮೆಟ್ಟಿಲ ಮೇಲೆಯೇ ಉಳಿದೆವು. ಮಕ್ಕಳ ಮಾತನ್ನು ಕದ್ದು ಕೇಳಬಾರದು, ನಿಜ. ಆದರೆ ಅವರು ಕನ್ನಡದಲ್ಲಿ ಜಗಳವಾಡುತ್ತಿದ್ದರು! ಇಂಥ ಸೌಭಾಗ್ಯ ಬ್ರ್ಯಾಂಪ್ಟನ್ನಿನಲ್ಲಿ ದಿನವೂ ಸಿಗುವುದಿಲ್ಲ.

ಶುರು ಮಾಡಿದವನು ಅಣ್ಣನ ಮಗ. ಬಂದ ವಾರದಲ್ಲೇ ನಮ್ಮ ಜೊತೆ ಫ್ಯಾಮಿಲಿ ಡಾಕ್ಟರ ಹತ್ತಿರ ಬಂದಿದ್ದ. ಹೆಲ್ತ್ ಕಾರ್ಡು ತೋರಿಸಿ, ಪರ್ಸು ಮುಟ್ಟದೆ ನಾವು ಆಚೆ ಬಂದಾಗ "ಬಿಲ್ಲೇ ಇಲ್ವಾ ಚಿಕ್ಕಪ್ಪ?" ಎಂದು ಹಿಂದಿರುಗಿ ನೋಡುತ್ತಿದ್ದ, ಯಾರಾದರೂ ಕೂಗಿ ಕರೆದಾರು ಎಂಬ ಹಾಗೆ. ಅದನ್ನೇ ಈಗ ಎತ್ತಿದ. ಸ್ನೇಹಿತೆ ಹೇಳಿದಳು, ಇದು ಸುಲಭವಾಗಿ ಬಂದದ್ದಲ್ಲ. 1962ರ ಜುಲೈ 1ರಂದು ಸಸ್ಕಾಚೆವಾನ್ ಪ್ರಾಂತ್ಯ ಎಲ್ಲರಿಗೂ ಸರ್ಕಾರದ ವೈದ್ಯ ವಿಮೆ ಜಾರಿಗೆ ತಂದ ದಿನವೇ ಅಲ್ಲಿನ ಡಾಕ್ಟರುಗಳು ಮುಷ್ಕರ ಹೂಡಿದರು; ಅದು 23 ದಿನ ನಡೆಯಿತು. 1984ರ ಕೆನಡಾ ಹೆಲ್ತ್ ಆಕ್ಟ್ ಬಂದು, ರೋಗಿಯಿಂದ ಮೇಲುದುಡ್ಡು ಕೇಳಬಾರದೆಂದು ಒಂಟಾರಿಯೊ ಕಾನೂನು ಮಾಡಿದಾಗ 1986ರಲ್ಲಿ ಇಲ್ಲಿಯ ಡಾಕ್ಟರುಗಳೂ 25 ದಿನ ಮುಷ್ಕರ ಹೂಡಿದರು. ಆಗಲೇ ಇಲ್ಲಿದ್ದ ನಮ್ಮ ಹಿರಿಯ ಸದಸ್ಯರಿಗೆ ನೆನಪಿದ್ದೀತು.

"ಡಾಕ್ಟರು ಎಲ್ಲೇ ಆಗಲಿ ಒಂದೇ ಜಾತಿ ಬಿಡಿ" ಎಂದ ಅಣ್ಣನ ಮಗ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ಕರ್ನಾಟಕ ಸರ್ಕಾರ ತಿದ್ದುಪಡಿ ತರಲು ಹೊರಟಾಗ ಅಲ್ಲಿಯೂ ಖಾಸಗಿ ಡಾಕ್ಟರುಗಳು ಹೊರರೋಗಿ ವಿಭಾಗ ಮುಚ್ಚಿ ಕೂತಿದ್ದರಂತೆ.

ನಡುವೆ ಒಂದು ತಮಾಷೆ ನಡೆಯಿತು. ಇಲ್ಲಿಯ ಎಷ್ಟೋ ಫ್ಯಾಮಿಲಿ ಡಾಕ್ಟರುಗಳಿಗೆ ಸಂಬಳದ ದೊಡ್ಡ ಭಾಗ ಬರುವುದು ಕ್ಯಾಪಿಟೇಶನ್ ಪದ್ಧತಿಯಲ್ಲಿ ಎಂದು ನಮ್ಮ ಹೊಸ ಕಾಲೇಜಿನ ಹುಡುಗ ಹೇಳಿದ. ಅಣ್ಣನ ಮಗ ಕಾಫಿ ಚೆಲ್ಲಿಕೊಂಡ. ಡೊನೇಶನ್ ಕೊಟ್ಟು ಸೀಟು ಹಿಡಿಯುವುದಕ್ಕೆ ನಮ್ಮಲ್ಲಿ ಆ ಹೆಸರಲ್ಲವೆ! ಇಲ್ಲಿ ಅದರ ಅರ್ಥ ಬೇರೆ: ಡಾಕ್ಟರ ಪಟ್ಟಿಯಲ್ಲಿರುವ ತಲೆ ಎಣಿಸಿ, ವಯಸ್ಸು ನೋಡಿ, ವರ್ಷಕ್ಕಿಷ್ಟು ಎಂದು ಸರ್ಕಾರ ಕೊಡುವ ಹಣ. ಕೆನಡಾ ಹೆಲ್ತ್ ಆಕ್ಟ್ ಬಂದ ಅದೇ 1984ರಲ್ಲಿ ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆಯೂ ಬಂತು. ಶುಲ್ಕ ಎಷ್ಟರಮಟ್ಟಿಗೆ ಹೋಯಿತೆಂಬುದು ಮಕ್ಕಳನ್ನು ಅಲ್ಲಿ ಓದಿಸಿದ ನಮ್ಮ ಬಂಧುಗಳಿಗೆ ಗೊತ್ತು.

ಆಮೇಲೆ ಮಾತು ನಮ್ಮ ಊರಿಗೇ ಬಂತು. 2007ರಲ್ಲಿ ಬ್ರ್ಯಾಂಪ್ಟನ್ ಸಿವಿಕ್ ಆಸ್ಪತ್ರೆ ತೆರೆದಾಗ ಇನ್ನೇನು ಬೇಕು ಎಂದುಕೊಂಡಿದ್ದೆವು. ಊರು ಬೆಳೆದ ವೇಗಕ್ಕೆ ಅದೆಲ್ಲಿ ಸಾಲಬೇಕು? 2020ರ ಜನವರಿಯಲ್ಲಿ ನಮ್ಮ ನಗರಸಭೆ ಊರಿನಲ್ಲಿ ಆರೋಗ್ಯ ತುರ್ತುಪರಿಸ್ಥಿತಿ ಇದೆಯೆಂದು ಒಮ್ಮತದಿಂದ ಘೋಷಿಸಿತು. ಮರುವರ್ಷದ ಜನಗಣತಿಯಲ್ಲಿ ನಮ್ಮ ಸಂಖ್ಯೆ ಆರೂವರೆ ಲಕ್ಷ ದಾಟಿತ್ತು. ಹಾಸಿಗೆ ಬೇಕು, ಡಾಕ್ಟರು ಬೇಕು, ಅದಕ್ಕೇ ಈ ಕಾಲೇಜು ಎಂದು ಹುಡುಗ ವಾದಿಸಿದ. ಹಾಸಿಗೆಯಷ್ಟೇ ಸಾಲದು, ಸಮಯ ಬೇಕು ಎಂದಳು ಮಗಳು. "ಒಂದು ಸಲಕ್ಕೆ ಒಂದೇ ತೊಂದರೆ ಹೇಳಿ" ಎಂದು ಗೋಡೆಗೆ ಚೀಟಿ ಅಂಟಿಸಿದ ಕ್ಲಿನಿಕ್ಕುಗಳನ್ನು ನಾವೆಲ್ಲ ನೋಡಿದ್ದೇವೆ. ಮಂಡಿನೋವು ಹೇಳಿದರೆ ತಲೆಸುತ್ತು ಮುಂದಿನ ವಾರಕ್ಕೆ!

"ನನಗೆ ಒಬ್ಬರಿಗೆ ಎರಡೇ ನಿಮಿಷ ಸಿಗ್ತಿತ್ತು" ಎಂದ ಅಣ್ಣನ ಮಗ. "ಆದರೆ ಬಾಗಿಲ ಹತ್ತಿರ ಆಶಾ ಕಾರ್ಯಕರ್ತೆ ನಿಂತಿರ್ತಿದ್ದರು. ಸಾರ್, ಈಯಮ್ಮನ ಮಗ ಊರು ಬಿಟ್ಟು ಹೋಗವ್ನೆ, ಮೂರು ದಿನದಿಂದ ಒಲೆ ಹಚ್ಚಿಲ್ಲ ಅಂತ ಅವರೇ ಹೇಳೋರು. ಆಮೇಲೆ ಬಿ.ಪಿ. ನೋಡ್ತಿದ್ದೆ." ಮಂಡ್ಯದಲ್ಲಿ ಐದು ರೂಪಾಯಿ ಡಾಕ್ಟರೆಂದೇ ಹೆಸರಾದ ಶಂಕರೇಗೌಡರ ಮಾತೂ ಬಂತು. ಅವರ ಮುಂದೆ ಸಾಲುಗಟ್ಟುವವರೆಲ್ಲ ಬರೀ ಅಗ್ಗವೆಂದು ಬರುತ್ತಾರೆಯೆ, ಅಥವಾ ನಮ್ಮ ಭಾಷೆಯಲ್ಲಿ ನಮ್ಮವರಂತೆ ಮಾತಾಡಿಸುತ್ತಾರೆಂದು ಬರುತ್ತಾರೆಯೆ ಎಂದು ಮಗಳು ಕೇಳಿದಳು. ಎರಡೂ ಎಂದ ಅಣ್ಣನ ಮಗ.

ಅಷ್ಟರಲ್ಲಿ "ಮೆಟ್ಟಿಲ ಮೇಲೆ ಕೂತಿದ್ದೀರ ಅಂತ ಗೊತ್ತು, ಕೆಳಗೆ ಬನ್ನಿ" ಎಂದು ಕರೆ ಬಂತು. ಹೋಗಿ ಕೂತೆವು. ಕೂತವರು ಸುಮ್ಮನಿರಬೇಕಲ್ಲ! ಭಾಷೆಯ ಮಾತು ಬಂತೆಂದು ಅಮ್ಮನ ಕತೆ ಹೇಳತೊಡಗಿದೆವು.

ಅಮ್ಮ ಎಂದರೆ ನಮ್ಮಲ್ಲಿ ಒಬ್ಬರಿಗೆ ತಾಯಿ, ಒಬ್ಬರಿಗೆ ಅತ್ತೆ. ಹದಿನೈದು ವರ್ಷ ಒಂದೇ ಅಡಿಗೆಮನೆಯಲ್ಲಿ ಇದ್ದ ಮೇಲೆ ಆ ವ್ಯತ್ಯಾಸ ಉಳಿದಿರಲಿಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿಕೊಡುತ್ತಿದ್ದ ನಂಜನಗೂಡಿನ ಅಜ್ಜಿ ಎಂದರೆ ನಿಮಗೂ ಗೊತ್ತು. 2018ರ ಡಿಸೆಂಬರಿನ ಒಂದು ರಾತ್ರಿ ಅಮ್ಮ ಎದ್ದು ಕೂತು "ಯಾಕೋ ಸಂಕಟ" ಎಂದರು. ಪಕ್ಕದ ಊರಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿದೆವು. ನರ್ಸು ಏನು ತೊಂದರೆ ಎಂದಳು. ಸಂಕಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ನೋವು ಎಂದೆವು. ಎಲ್ಲಿ ಎಂದಳು. ಅಮ್ಮ ಎದೆಯಿಂದ ಹೊಕ್ಕುಳ ತನಕ ಕೈ ಸವರಿದರು. ಹತ್ತಕ್ಕೆ ಎಷ್ಟು ಎಂದಳು. ಅದನ್ನು ಅನುವಾದಿಸಿದೆವು. ಅಮ್ಮ ಆ ಹುಡುಗಿಯನ್ನೇ ನೋಡಿ, "ಪಾಪ, ಆಗಿನಿಂದ ಒಂದೇ ಸಮ ಓಡಾಡ್ತಾ ಇದೆ. ಎರಡು ಅಂತ ಹೇಳಿ" ಎಂದರು. ನಾವು ಒಂದು ಮಾರ್ಕು ಗ್ರೇಸ್ ಕೊಟ್ಟು ಮೂರು ಎಂದೆವು. ಬಂದ ರೋಗಿಗಳನ್ನು ಇಲ್ಲಿ ಐದು ದರ್ಜೆಯಾಗಿ ವಿಂಗಡಿಸುತ್ತಾರೆ. ಒಂದು ಎಂದರೆ ಎಲ್ಲಕ್ಕಿಂತ ತುರ್ತು. ಮೂರು ಮಾರ್ಕು ನೋವಿನವರಿಗೆ ಹಜಾರದ ಸ್ಟ್ರೆಚರು, ಹನ್ನೊಂದು ಗಂಟೆ.

ಎಲ್ಲರೂ ನಕ್ಕರು. ಅಣ್ಣನ ಮಗ ಮಾತ್ರ, "ಚಿಕ್ಕಮ್ಮ, ಸಂಕಟ ಅಂದ್ರೆ ವಾಕರಿಕೆನೂ ಆಗಬಹುದು, ಎದೆ ಹಿಂಡೋದೂ ಆಗಬಹುದು, ಬರೀ ಗಾಬರಿನೂ ಆಗಬಹುದು. ಕೋಟೆ ಕಡೆ ಅಜ್ಜಿಯರು ಸಂಕಟ ಅಂದ್ರೆ ನಾನು ಮೊದಲು ಇ.ಸಿ.ಜಿ. ಮಾಡ್ತಿದ್ದೆ" ಎಂದ. ಅಮ್ಮನದು ಹೃದಯವಾಗಿರಲಿಲ್ಲ. ಜನವರಿಯಲ್ಲಿ ತಿಳಿಯಿತು, ಹೊಟ್ಟೆಯ ಕ್ಯಾನ್ಸರ್, ಲಿವರಿಗೂ ಹರಡಿತ್ತು.

ನಕ್ಕವರಲ್ಲಿ ಮಗಳು ಇರಲಿಲ್ಲ. ಮೆಕ್‌ಮಾಸ್ಟರಿನಲ್ಲಿ ಪಾಠ ಕೇಳುವುದಕ್ಕಿಂತ ಏಳೆಂಟು ಜನ ಕೂತು ಒಂದು ಕೇಸಿನ ಮೇಲೆ ಚರ್ಚಿಸುವುದೇ ಹೆಚ್ಚು. ಹಿಂದಿನ ತಿಂಗಳು ಅವಳ ಗುಂಪಿಗೆ ಬಂದ ಕೇಸು ಇದು: ಇಂಗ್ಲಿಷ್ ಬಾರದ ವೃದ್ಧ ರೋಗಿ, ಅನುವಾದ ಮಾಡುವವರು ಮನೆಯವರು, ಅವರು ಕಾಯಿಲೆಯ ಹೆಸರನ್ನು ರೋಗಿಗೆ ಹೇಳುತ್ತಿಲ್ಲ. ಡಾಕ್ಟರು ಏನು ಮಾಡಬೇಕು?

ಹೊಸ ಕಾಲೇಜಿನ ಹುಡುಗ ತಟ್ಟನೆ ಉತ್ತರ ಹೇಳಿದ. 1996ರ ಒಂಟಾರಿಯೊ ಕಾಯ್ದೆಯ ಪ್ರಕಾರ, ಅರ್ಥ ಮಾಡಿಕೊಳ್ಳಬಲ್ಲ ರೋಗಿಯ ಒಪ್ಪಿಗೆಯನ್ನು ರೋಗಿಯೇ ಕೊಡಬೇಕು. ಆ ಶಕ್ತಿ ಇಲ್ಲದಾಗ ಮಾತ್ರ ಮನೆಯವರ ಸರದಿ. ದುಭಾಷಿಯನ್ನು ಫೋನಿನಲ್ಲಾದರೂ ಕರೆಸಬೇಕು. ನಾವು ಸ್ವಲ್ಪ ಬಿಸಿಯಾಗಿಯೇ "ಅದೆಲ್ಲ ಇಲ್ಲಿಯ ಪದ್ಧತಿ ಕಣಪ್ಪ, ನಮ್ಮಲ್ಲಿ ಹಾಗಲ್ಲ" ಎಂದೆವು. ಅಣ್ಣನ ಮಗ ನಮ್ಮ ಪಕ್ಷ ವಹಿಸುತ್ತಾನೆಂದುಕೊಂಡರೆ, ಅವನು 2008ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತೆಗೆದ: ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಮಾಡಿದ ಆಪರೇಷನ್ನು ಸರಿಯಲ್ಲ ಎಂದು ಅಲ್ಲಿಯೂ ಹೇಳಿದೆ. ಆದರೂ ಅವನು ಇನ್ನೊಂದು ಮಾತು ಸೇರಿಸಿದ. "ನಮ್ಮ ಹಳ್ಳಿಯಲ್ಲಿ ಎಷ್ಟೋ ಜನ, ನಂಗೇನೂ ಹೇಳಬೇಡಿ ಸ್ವಾಮಿ, ನನ್ನ ಮಗನಿಗೆ ಹೇಳಿ ಅಂತಾರೆ. ಅದೂ ಅವರ ತೀರ್ಮಾನವೇ ತಾನೆ? ಅವರನ್ನ ಕೇಳಿದ ಮೇಲೆ."

ಅಮ್ಮನನ್ನು ಯಾರೂ ಕೇಳಿರಲಿಲ್ಲ. 1991ರಲ್ಲಿ ಮೈಸೂರಿನಲ್ಲಿ ಅಪ್ಪನಿಗೆ ಹೀಗೆಯೇ ಆದಾಗ ಡಾಕ್ಟರು ಗಂಡುಮಕ್ಕಳನ್ನು ವರಾಂಡಕ್ಕೆ ಕರೆದು ಹೇಳಿದ್ದರು. ಅಪ್ಪನಿಗೆ ಅಲ್ಸರ್ ಎಂದು ಹೇಳಿದೆವು. ಅದೇ ಕ್ರಮ ಎಂದುಕೊಂಡಿದ್ದೆವು. ಅಮ್ಮನಿಗೂ "ಸಣ್ಣ ಗಂಟು, ಔಷಧಿಗೆ ಕರಗುತ್ತಂತೆ" ಎಂದೆವು. ಒಬ್ಬರು ಹೇಳಿದೆವು, ಇನ್ನೊಬ್ಬರು ತಲೆಯಾಡಿಸಿದೆವು.

"ಡಾಕ್ಟರಿಗೂ ಪುರುಸೊತ್ತು ಇರಲಿಲ್ಲ. ಹದಿನೈದು ನಿಮಿಷದಲ್ಲಿ ಯಾರು ಏನು ಬಿಡಿಸಿ ಹೇಳೋಕಾಗುತ್ತೆ? ನೀವೇ ಅಂದಿರಲ್ಲ, ಸಮಯ ಬೇಕು ಅಂತ" ಎಂದೆವು.

ಮಗಳು ಕಂಬಳಿಯ ಅಂಚನ್ನು ಸುತ್ತಿಕೊಳ್ಳುತ್ತ ಹೇಳಿದಳು. "ಅಪ್ಪ, ಅಮ್ಮ, ನಾನೂ ಆ ರೂಮಲ್ಲಿದ್ದೆ. ಅಜ್ಜಿ ಕೋಟು ಹಿಡ್ಕೊಂಡು ನಿಂತಿದ್ದೆ. ಆ ಹದಿನೈದು ನಿಮಿಷದಲ್ಲೇ ಡಾಕ್ಟರು ಒಂದು ಸೆಂಟೆನ್ಸ್ ಹೇಳಿದ್ರು. ಅದನ್ನ ನೀವು ಕನ್ನಡದಲ್ಲಿ ಹೇಳಲೇ ಇಲ್ಲ."

ಯಾವ ಮಾತೆಂದು ನಾವು ಕೇಳಬೇಕಾಗಿರಲಿಲ್ಲ. ಆ ಡಾಕ್ಟರು ಒಳ್ಳೆಯವರು. ಕೀಮೊ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಕೊಡದಿದ್ದರೂ ತಪ್ಪಿಲ್ಲ ಎಂದು ವಿವರಿಸಿ, ಕೊನೆಗೆ ಅಮ್ಮನ ಮುಖ ನೋಡಿಯೇ ಹೇಳಿದ್ದರು: "ಈಗಿನ ಸ್ಥಿತಿಯಲ್ಲಿ ಪ್ರಯಾಣ ಮಾಡಬಹುದು. ಹೋಗಬೇಕೆಂಬ ಜಾಗ ಯಾವುದಾದರೂ ಇದ್ದರೆ ಮುಂದಕ್ಕೆ ಹಾಕಬೇಡಿ ಎಂದು ಅವರಿಗೆ ಹೇಳಿ." ಅಮ್ಮ ನಮ್ಮ ಕಡೆ ತಿರುಗಿ "ಏನಂತೆ?" ಎಂದರು. "ಔಷಧಿ ಬೇಗ ಶುರು ಮಾಡಬೇಕಂತೆ" ಎಂದೆವು.

ಆ ವಾರವೇ ಅಮ್ಮ ಕೇಳಿದ್ದರು, ಈ ಸಲ ದೊಡ್ಡ ಜಾತ್ರೆಗೆ ಹೋಗಿಬರೋಣವೆ ಎಂದು. ನಂಜನಗೂಡಿನಲ್ಲಿ ಹುಟ್ಟಿದವರಿಗೆ ಐದು ತೇರು ಎಳೆಯುವ ಆ ದಿನ ಏನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಟಿಪ್ಪುವಿನ ಆನೆಯ ಕಣ್ಣು ಗುಣಪಡಿಸಿ ಹಕೀಂ ನಂಜುಂಡ ಎನಿಸಿಕೊಂಡ ದೇವರೆಂದು ಪ್ರತೀತಿ. ನಮ್ಮೂರಲ್ಲಿ ದೇವರೇ ಡಾಕ್ಟರು ಎಂದು ಅಮ್ಮ ಮೊಮ್ಮಗಳಿಗೆ ಹೇಳಿ ನಗುತ್ತಿದ್ದರು. ಜಾತ್ರೆ ಮಾರ್ಚಿನಲ್ಲಿ. ಕೀಮೊ ಫೆಬ್ರವರಿಯಲ್ಲಿ ಶುರುವಾಗುವುದಿತ್ತು. "ಮುಂದಿನ ವರ್ಷ ಹೋದರಾಯಿತು" ಎಂದೆವು. ಸೆಪ್ಟೆಂಬರಿನಲ್ಲಿ ಅಮ್ಮ ತೀರಿಕೊಂಡರು. ನಗರಸಭೆ ತುರ್ತುಪರಿಸ್ಥಿತಿ ಘೋಷಿಸಿದ್ದು ಅದಾದ ನಾಲ್ಕು ತಿಂಗಳಿಗೆ. ಆ ಸುದ್ದಿ ಓದಿ, ನೋಡಿದೆಯಾ, ಇಡೀ ವ್ಯವಸ್ಥೆಯೇ ಹಾಗಿತ್ತು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡದ್ದೂ ಉಂಟು.

ಹದಿನಾರರ ಹುಡುಗಿ ಆರು ವರ್ಷ ಆ ಮಾತನ್ನು ಇಟ್ಟುಕೊಂಡಿದ್ದಳು. "ಆಗಲೇ ಯಾಕೆ ಹೇಳಲಿಲ್ಲ ಪುಟ್ಟಿ?" ಎಂದೆವು. "ನಾನೂ ಹೇಳಬಹುದಿತ್ತು. ನಂಗೂ ಕನ್ನಡ ಬರ್ತಿತ್ತಲ್ಲ" ಎಂದಳು. ಅದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅಣ್ಣನ ಮಗ ಎದ್ದು ಹೋಗಿ ಎಲ್ಲರಿಗೂ ಮತ್ತೊಮ್ಮೆ ಕಾಫಿ ಬಿಸಿ ಮಾಡಿಕೊಂಡು ಬಂದ. ಹೊಸ ಕಾಲೇಜಿನ ಹುಡುಗ ತಾನೇನೋ ತಪ್ಪು ಮಾಡಿದವನಂತೆ ಕೂತಿದ್ದ. ಪಾಪ, ಅವನದೇನಿದೆ!

ಬೆಳಗ್ಗೆ ದೋಸೆ ತಿನ್ನುವಾಗ ನಾಲ್ವರೂ ಒಂದು ಕೆಲಸ ಹಚ್ಚಿಕೊಂಡರು. ಸಂಕಟ, ಉಬ್ಬಸ, ಜೋಮು, ಸೆಳೆತ, ಎದೆ ಉರಿ, ಹೊಟ್ಟೆ ತೊಳಸು, ಕಣ್ಣು ಕತ್ತಲೆ, ಮೈ ಭಾರ: ನಮ್ಮ ಹಿರಿಯರು ಹೇಳುವ ಇಂಥ ಮಾತುಗಳನ್ನು ಬರೆದು, ಎದುರಿಗೆ ಡಾಕ್ಟರು ಏನೇನು ಕೇಳಬೇಕೆಂಬುದನ್ನು ಇಂಗ್ಲಿಷಿನಲ್ಲಿ ಬರೆಯುವ ಒಂದು ಹಾಳೆ. ಮೈಸೂರು ಕಡೆಯದು ಸಾಕಷ್ಟು ಆಗಿದೆ. ಧಾರವಾಡ, ಮಂಗಳೂರು, ಕಲಬುರಗಿ ಕಡೆಯ ಸದಸ್ಯರು ತಮ್ಮ ಮನೆಯ ಮಾತುಗಳನ್ನು ಬರೆದು ಯುಗಾದಿಯ ಊಟದ ದಿನ ನಮ್ಮ ಮಗಳ ಕೈಗೆ ಕೊಡಬೇಕಾಗಿ ಕೋರಿಕೆ. ಡಾಕ್ಟರ ಹತ್ತಿರ ಹೋಗುವ ಹಿರಿಯರ ಜೊತೆ ಬೇಕಾದರೆ ಬರುತ್ತೇವೆ ಎಂದೂ ಇಲ್ಲಿಯ ಮೂವರು ಹೇಳಿದ್ದಾರೆ, ಪರೀಕ್ಷೆ ಇಲ್ಲದ ವಾರಗಳಲ್ಲಿ.

ಡಿಸೆಂಬರಿನಲ್ಲಿ ನಾವಿಬ್ಬರೂ ನಮ್ಮ ಪವರ್ ಆಫ್ ಅಟಾರ್ನಿ ಕಾಗದಗಳನ್ನು ತುಂಬಿಸಿದೆವು, ಆಸ್ತಿಯದಲ್ಲ, ಶರೀರದ್ದು. ಮಗಳು ಪೆನ್ನು ಹಿಡಿದು ಕೂತು, ಕಾಗದದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು: "ಏನಾದರೂ ಬಂದರೆ ನಿಮಗೆ ಎಷ್ಟು ಹೇಳಬೇಕು?" ನಮ್ಮಲ್ಲಿ ಒಬ್ಬರು ಎಲ್ಲವನ್ನೂ ಹೇಳು ಎಂದೆವು. ಇನ್ನೊಬ್ಬರು ಇನ್ನೂ ಯೋಚಿಸುತ್ತಿದ್ದೇವೆ.