ದಿಗಿಲು ಅಂತ ಹೇಳಿಕೊಂಡ ರಾತ್ರಿ

ಹೋದ ವರ್ಷ ಶ್ರಾವಣದ ಒಂದು ರಾತ್ರಿ, ಗಂಟೆ 2.45. ಅದು ನನ್ನ ಆನ್-ಕಾಲ್ ವಾರ. ಸರ್ವರ್ ಕೈಕೊಟ್ಟರೆ ಮೊದಲು ಬಡಿದುಕೊಳ್ಳೋದು ನನ್ನ ಫೋನು. ಆ ರಾತ್ರಿ ಫೋನು ಸುಮ್ಮನಿತ್ತು, ಎದೆ ಬಡಿದುಕೊಳ್ಳುತ್ತಿತ್ತು. ಕೈ ಜೋಮು ಹಿಡಿದಿತ್ತು, ಬೆನ್ನೆಲ್ಲ ಬೆವರು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡ ಹಾಗೆ. ಮೂವತ್ತಕ್ಕೇ ಹಾರ್ಟ್ ಅಟ್ಯಾಕಾ ಅಂದುಕೊಂಡು ನಡುಗುವ ಕೈಯಲ್ಲೇ ಆಟೊ ಬುಕ್ ಮಾಡಿದೆ.

ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್, ರಕ್ತ ಪರೀಕ್ಷೆಯೂ ನಾರ್ಮಲ್. ನಿದ್ದೆಗಣ್ಣಿನ ಡ್ಯೂಟಿ ಡಾಕ್ಟರು "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂದರು. ಬಿಲ್ ಕಟ್ಟಿ ಹೊರಗೆ ಬಂದರೆ ಸೈಕಲ್ ಮೇಲೆ ಟೀ ಮಾರುವವನು, ಆಫೀಸ್ ಕ್ಯಾಬುಗಳು, ಡೆಲಿವರಿ ಹುಡುಗರು. ಇಡೀ ಬೆಂಗಳೂರೇ ಎದ್ದು ಕೂತಂತಿತ್ತು. ಆ ಹೊತ್ತಲ್ಲೂ ಇಲ್ಲಿ ಬಿರಿಯಾನಿ ತರಿಸಬಹುದು, ಚಾರ್ಜರ್ ತರಿಸಬಹುದು. "ನಂಗೆ ಭಯ ಆಗ್ತಿದೆ" ಅಂತ ಹೇಳಿಕೊಳ್ಳೋಕೆ ಮಾತ್ರ ಒಬ್ಬರ ಹೆಸರೂ ಹೊಳೆಯಲಿಲ್ಲ.

ಆಮೇಲೆ ಅದು ಮತ್ತೆರಡು ಸಲ ಬಂತು. ಲಿಫ್ಟ್ ಹತ್ತೋದು ಬಿಟ್ಟೆ, ಸುಳ್ಳು ನೆಪ ಹೇಳಿ ಆನ್-ಕಾಲ್ ತಪ್ಪಿಸಿಕೊಂಡೆ. ಕಂಪನಿಯ ಕೌನ್ಸೆಲಿಂಗಿಗೂ ಫೋನ್ ಮಾಡಿದೆ. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ವಾರದ ನಂತರ, ಬೆಳಗ್ಗೆ ಹನ್ನೊಂದಕ್ಕೆ, ಇಂಗ್ಲಿಷಿನಲ್ಲಿ. ಮ್ಯಾನೇಜರ್ ಕಿವಿಗೆ ಬೀಳುತ್ತೇನೋ ಅನ್ನೋ ಅನುಮಾನ ಬೇರೆ. ಹಾಗಾಗಿ ದಿನಾ ಬೆಳಗ್ಗೆ ಮೀಟಿಂಗಲ್ಲಿ ಸ್ಟೇಟಸ್ ಹೇಳೋ ಥರಾನೇ "ಆಲ್ಮೋಸ್ಟ್ ಓಕೆ" ಅಂತ ಹೇಳಿ ಫೋನ್ ಇಟ್ಟೆ.

ನಾಲ್ಕನೇ ಸಲ ಬಂದಾಗ ರೂಮ್‌ಮೇಟ್ ಊರಿಗೆ ಹೋಗಿದ್ದ. ಬಾತ್‌ರೂಮ್ ನೆಲದ ಮೇಲೆ ಕೂತು, ಯಾವಾಗಲೋ ಗೆಳೆಯ ವಾಟ್ಸಾಪಿಗೆ ಕಳಿಸಿದ್ದ 14416ಕ್ಕೆ ಒತ್ತಿದೆ. ಅದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ನಮ್ಮ ನಿಮ್ಹಾನ್ಸ್‌ನದೇ ಮಾರ್ಗದರ್ಶನ, ದಿನದ 24 ಗಂಟೆಯೂ ಇರುತ್ತೆ, ಕಾಸಿಲ್ಲ. ಭಾಷೆ ಕೇಳಿದಾಗ ಕನ್ನಡ ಅಂತ ಆರಿಸಿದೆ.

"ಹೇಳಿ ಸರ್, ಈಗ ಏನಾಗ್ತಿದೆ?" ಹೆಣ್ಣುದನಿ.

"ಆಂಗ್ಸೈಟಿ ಇರಬೇಕು ಮೇಡಂ, ಮೇ ಬಿ ಪ್ಯಾನಿಕ್..." ಗೂಗಲ್ ಮಾಡಿದ್ದೆಲ್ಲ ಒದರಿದೆ.

"ಇರ್ಲಿ. ನಿಮ್ಮ ಮನೇಲಿ ಇದಕ್ಕೆ ಏನಂತಾರೆ?"

ಒಂದು ಕ್ಷಣ ತಡವರಿಸಿದೆ. "ದಿಗಿಲು" ಅಂದೆ.

ಚಿಕ್ಕವನಿದ್ದಾಗ ರಾತ್ರಿ ಚೀರಿಕೊಂಡು ಎದ್ದರೆ "ಮಗ ದಿಗಿಲು ಬಿದ್ದದೆ" ಅಂತ ಅಜ್ಜಿ ತಲೆ ಸವರುತ್ತಿದ್ದರು. ಆ ಪದ ಬಾಯಿಗೆ ಬಂದಿದ್ದೇ ತಡ, ಅಳು ಬಂತು. ಅವರು ಅಳೋಕೆ ಬಿಟ್ಟರು. ಆಮೇಲೆ ಪಾದ ನೆಲಕ್ಕೆ ಊರಿಸಿ, ಉಸಿರನ್ನು ನಿಧಾನಕ್ಕೆ ಹೊರಗೆ ಬಿಡಿಸಿ, ಎದುರಿನ ಟೈಲ್ಸ್ ಎಣಿಸೋಕೆ ಹೇಳಿದರು. "ಸಾಯಬೇಕು ಅನ್ನೋ ಯೋಚನೆ ಏನಾದ್ರೂ ಬಂದಿದೆಯಾ?" ಅಂತ ನೇರವಾಗಿಯೇ ಕೇಳಿದರು. "ಇಲ್ಲ ಮೇಡಂ, ಸತ್ತುಹೋಗ್ತೀನೇನೋ ಅನ್ನೋ ಭಯ" ಅಂದೆ. ಡಾಕ್ಟರನ್ನು ನೋಡಲೇಬೇಕು ಅಂತ ತಿಳಿಸಿ ಹೇಳಿದರು.

ಹೊಸೂರು ರಸ್ತೆಯಲ್ಲಿ ಎಷ್ಟೋ ಸಲ ಹಾದುಹೋಗಿದ್ದ ನಿಮ್ಹಾನ್ಸ್ ಗೇಟಿನ ಒಳಗೆ ಆ ವಾರ ಮೊದಲ ಸಲ ಹೋದೆ. ಉದ್ದದ ಸಾಲು. ಪಕ್ಕದಲ್ಲಿದ್ದ ಹಳ್ಳಿಯ ಹಿರಿಯರೊಬ್ಬರು "ಯಾರನ್ನ ಕರ್ಕೊಂಡು ಬಂದಿದ್ದೀರಾ?" ಅಂದರು. "ನಾನೇ ಪೇಷೆಂಟು" ಅಂದೆ. ಅವರು ಮಗನ ಕಡೆ ತಿರುಗಿ ನೋಡಿ, "ಒಳ್ಳೇದಾಯ್ತು ಬುಡಿ, ನೀವೇ ಬಂದ್ರಲ್ಲ. ಇವನನ್ನ ಒಪ್ಪಿಸಿ ಕರ್ಕೊಂಡು ಬರೋಕೆ ನಮಗೆ ಎರಡು ವರ್ಷ ಹಿಡೀತು" ಅಂದರು.

ಡಾಕ್ಟರು ಹೇಳಿದ್ದು ನನ್ನಂಥವನಿಗೆ ಬೇಗ ಅರ್ಥವಾಯಿತು. ಅಪಾಯ ಇಲ್ಲದಿದ್ದರೂ ಮೈಯ ಅಲಾರಂ ಹೊಡೆದುಕೊಳ್ಳುತ್ತೆ. ಕೆಲವೇ ನಿಮಿಷದಲ್ಲಿ ತುದಿಗೇರಿ ತಾನೇ ಇಳಿಯುತ್ತೆ. ಅದಕ್ಕೆ ಹೆದರಿ ಲಿಫ್ಟ್ ಬಿಟ್ಟಷ್ಟೂ ಭಯ ಬಲಿಯುತ್ತೆ. ಕೆಲವು ತಿಂಗಳು ಮಾತ್ರೆ ತಗೊಂಡೆ, ಥೆರಪಿಗೆ ಹೋದೆ, ರಾತ್ರಿಯ ಕಾಫಿ ಬಿಟ್ಟೆ. ಟೀಮ್ ಲೀಡ್ ಹತ್ತಿರ ನಿಜ ಹೇಳಿದೆ. ಮೂರು ವಾರಕ್ಕೊಮ್ಮೆ ಬರುತ್ತಿದ್ದ ಆನ್-ಕಾಲ್ ಈಗ ಆರು ವಾರಕ್ಕೊಮ್ಮೆ. ಪೂರ್ತಿ ಹೋಗಿದೆ ಅಂತ ಹೇಳಲ್ಲ, ಹೋದ ತಿಂಗಳೂ ಒಮ್ಮೆ ಬಂದಿತ್ತು. ಟೈಲ್ಸ್ ಎಣಿಸಿದೆ, ಹೋಯ್ತು.

ಎದೆನೋವು ಬಂದರೆ ಮೊದಲು ಆಸ್ಪತ್ರೆಗೇ ಓಡಿ. ಆದರೆ ಎಲ್ಲಾ ನಾರ್ಮಲ್ ಅಂತ ರಿಪೋರ್ಟ್ ಬಂದ ಮೇಲೂ ಭಯ ಹೋಗದಿದ್ದರೆ, ಅಲ್ಲಿಗೇ ನಿಲ್ಲಬೇಡಿ. ನಿಮ್ಮ ಮನೆಮಾತಲ್ಲೇ ಯಾರಿಗಾದರೂ ಹೇಳಿಕೊಳ್ಳಿ.

ಅಮ್ಮನಿಗೆ ಹೇಳೋಕೆ ನಾನು ತಗೊಂಡಿದ್ದು ಎಂಟು ತಿಂಗಳು. ತಿಪಟೂರಿನ ಮನೆಯ ಜಗಲಿ ಮೇಲೆ ಕೂತು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಿಮ್ಮ ತಾತಂಗೂ ಹಿಂಗೇ ಆಗ್ತಿತ್ತು ಕಣಪ್ಪ. ಕೊಬ್ಬರಿ ರೇಟು ಬಿದ್ದ ವರ್ಷ ರಾತ್ರಿಯೆಲ್ಲ ಎದೆ ಹಿಡ್ಕೊಂಡು ಅಂಗಳದಲ್ಲಿ ಓಡಾಡೋರು. ಆಗ ಅವರು ಯಾರಿಗೆ ಹೇಳ್ಕೋಬೇಕಿತ್ತು?"