ಬೇಲಿ ದಾಟಿದ ಕೂಸುಗಳು

ಆಮ್‌ಸ್ಟರ್‌ಡ್ಯಾಂ ಎಂದ ಕೂಡಲೇ ಕಣ್ಣೆದುರಿಗೆ ಬರುವುದು ಕ್ಯಾಲೆಂಡರಿನ ಚಿತ್ರಗಳೇ ತಾನೆ? ಕಾಲುವೆಗಳು, ಅವುಗಳ ಮೇಲೆ ಬಿಲ್ಲಿನಂತೆ ಬಾಗಿದ ಸೇತುವೆಗಳು, ಟ್ಯೂಲಿಪ್ ಹೂಗಳ ರಾಶಿ, ಎತ್ತ ನೋಡಿದರತ್ತ ಸೈಕಲ್ಲು! ಅದೆಲ್ಲ ನಿಜವೇ. ಮೊದಲ ಎರಡು ದಿನ ನಾನೂ ಅವನ್ನೇ ನೋಡಿ ಹಿಗ್ಗಿದೆ. ಮೂರನೆಯ ದಿನ ಅಲ್ಲಿ ನೆಲೆಸಿರುವ ನನ್ನ ಚಿಕ್ಕಮ್ಮನ ಮಗಳು, “ಅಕ್ಕಾ, ಇವತ್ತು ಹೂವಿನ ಅಂಗಡಿ ಬೇಡ. ನೀನು ನೋಡ್ಲೇಬೇಕಾದ ಒಂದು ಬೀದಿ ಇದೆ, ಬಾ” ಎಂದು ಟ್ರಾಂ ಹತ್ತಿಸಿದಳು.

ಆ ಬೀದಿಯ ಹೆಸರು ಪ್ಲಾಂಟಾಜೆ ಮಿಡನ್‌ಲಾನ್. ಅಗಲವಾದ ರಸ್ತೆ, ನಡುವೆ ಟ್ರಾಂ ಹಳಿ, ಎರಡೂ ಕಡೆ ದೊಡ್ಡ ಮರಗಳು. ಪಕ್ಕದಲ್ಲೇ ಊರಿನ ಪ್ರಾಣಿಸಂಗ್ರಹಾಲಯ ಇರುವುದರಿಂದ ಮಕ್ಕಳ ಕೈ ಹಿಡಿದ ತಾಯಂದಿರ ಸಂಭ್ರಮ. ಇಂಥ ಬೀದಿಯಲ್ಲಿ ನಡೆದದ್ದನ್ನು ಕೇಳಿದರೆ ಹೆತ್ತ ಕರುಳು ಚುರ್ ಎನ್ನುತ್ತದೆ.

ಕಟ್ಟಳೆಯ ಮೇಲೆ ಕಟ್ಟಳೆ

ನಾಜಿ ಜರ್ಮನಿಯ ಸೈನ್ಯ ಹಾಲೆಂಡಿಗೆ ನುಗ್ಗಿದ್ದು 1940ರ ಮೇ 10ರಂದು. ಐದೇ ದಿನದಲ್ಲಿ ದೇಶದ ಸೈನ್ಯ ಶರಣಾಯಿತು. ಆಗ ಅಲ್ಲಿದ್ದ ಯೆಹೂದ್ಯರು ಸುಮಾರು 1,40,000. ಅವರಲ್ಲಿ ಸುಮಾರು 80,000 ಜನ ಆಮ್‌ಸ್ಟರ್‌ಡ್ಯಾಮಿನವರೇ. ವಜ್ರ ಉಜ್ಜುವವರು, ತಳ್ಳುಗಾಡಿ ವ್ಯಾಪಾರಿಗಳು, ವೈದ್ಯರು, ಹೊಲಿಗೆಯವರು. ಎಷ್ಟೋ ಮನೆತನಗಳು ತಲೆತಲಾಂತರದಿಂದ ಅಲ್ಲೇ ಬಾಳಿ ಬದುಕಿದವು.

ಅನ್ಯಾಯ ಒಂದೇ ದಿನ ಬಂದು ಬಾಗಿಲು ಬಡಿಯಲಿಲ್ಲ. ಮೊದಲು, 1941ರ ಜನವರಿಯಲ್ಲಿ, ಯೆಹೂದ್ಯರೆಲ್ಲ ಹೆಸರು ನೋಂದಾಯಿಸಬೇಕೆಂದು ಆಜ್ಞೆಯಾಯಿತು. ಸರ್ಕಾರದ ಮಾತೆಂದು ಜನ ತಾವೇ ಹೋಗಿ ಬರೆಸಿ ಬಂದರು. ಅವರ ಗುರುತಿನ ಚೀಟಿಯ ಮೇಲೆ ದೊಡ್ಡ ‘ಜೆ’ ಅಕ್ಷರ ಬಿತ್ತು. ಆಮೇಲೆ ಉದ್ಯಾನ, ಸಿನಿಮಾ, ಈಜುಕೊಳಗಳಿಗೆ ಪ್ರವೇಶವಿಲ್ಲ ಎಂದಾಯಿತು. ಮಕ್ಕಳಿಗೆ ಬೇರೆ ಶಾಲೆ. 1942ರ ಮೇ ತಿಂಗಳಿಂದ ಎದೆಯ ಮೇಲೆ ಹಳದಿ ನಕ್ಷತ್ರ. ಜೂನ್ ಕೊನೆಗೆ ಟ್ರಾಂ ಹತ್ತುವಂತಿಲ್ಲ, ಅಂಗಡಿಗೆ ಹೋಗುವುದಿದ್ದರೆ ಮಧ್ಯಾಹ್ನ 3ರಿಂದ 5ರವರೆಗೆ ಮಾತ್ರ. ಯುದ್ಧಕಾಲದಲ್ಲಿ ಪಡಿತರದ ಸಾಮಾನು ಮೂರು ಗಂಟೆಯವರೆಗೆ ಅಂಗಡಿಯಲ್ಲಿ ಎಷ್ಟು ಉಳಿದೀತು? ಮನೆ ನಡೆಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನವರು ಸುಮ್ಮನಿದ್ದರೇ? ಒಮ್ಮೆ ಇರಲಿಲ್ಲ. 1941ರ ಫೆಬ್ರವರಿಯಲ್ಲಿ ನಾನೂರಕ್ಕೂ ಹೆಚ್ಚು ಯೆಹೂದ್ಯ ಗಂಡಸರನ್ನು ನಡುಬೀದಿಯಲ್ಲೇ ಹಿಡಿದು ಒಯ್ದಾಗ, 25ರಂದು ಟ್ರಾಂ ನೌಕರರು, ಹಡಗುಕಟ್ಟೆಯ ಕೂಲಿಗಳು, ಕಾರ್ಖಾನೆಯವರು ಕೆಲಸ ಬಿಟ್ಟು ಬೀದಿಗಿಳಿದರು. ಎರಡು ದಿನದಲ್ಲಿ ಮುಷ್ಕರವನ್ನು ಗುಂಡು ಹಾರಿಸಿ ಅಡಗಿಸಿದರು. ಅದರ ನೆನಪಿಗೆ ತೋಳು ಇಳಿಬಿಟ್ಟು ಗಟ್ಟಿಯಾಗಿ ನಿಂತ ಕೂಲಿಯೊಬ್ಬನ ಪ್ರತಿಮೆಯನ್ನು 1952ರಲ್ಲಿ ನಿಲ್ಲಿಸಿದ್ದಾರೆ. ಪ್ರತಿ ವರ್ಷ ಫೆಬ್ರವರಿ 25ರಂದು ಜನ ಅಲ್ಲಿ ಹೂವಿಟ್ಟು ಬರುತ್ತಾರೆ.

ನಾಟಕಶಾಲೆ, ಎದುರಿಗೆ ಶಿಶುವಿಹಾರ

ನಾವು ನಿಂತ ಬೀದಿಯಲ್ಲಿ 1892ರಲ್ಲಿ ಕಟ್ಟಿದ ಒಂದು ನಾಟಕಶಾಲೆ ಇತ್ತು. ಹೆಸರು ಹಾಲಂಡ್ಸ ಸ್ಖೌಬುರ್ಗ್. 1942ರ ಜುಲೈಯಿಂದ ನಾಜಿಗಳು ಅದನ್ನು ಯೆಹೂದ್ಯರನ್ನು ಕೂಡಿಹಾಕುವ ದೊಡ್ಡಿ ಮಾಡಿದರು. ಮನೆಯಿಂದ ಹಿಡಿದು ತಂದವರನ್ನು ಅಲ್ಲಿ ಕೆಲವು ದಿನ, ಕೆಲವು ವಾರ ಇಟ್ಟು, ವೆಸ್ಟರ್‌ಬೋರ್ಕ್ ಶಿಬಿರಕ್ಕೆ ರೈಲಿನಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಪೋಲೆಂಡಿನ ಆಶ್‌ವಿಟ್ಸ್, ಸೋಬಿಬೋರ್‌ಗಳಿಗೆ. ಅಲ್ಲಿಗೆ ಹೋದವರಲ್ಲಿ ಹಿಂತಿರುಗಿದವರು ಬಹಳ ಕಡಿಮೆ.

ಗಾಳಿ ಬೆಳಕಿಲ್ಲದ ಆ ಸಭಾಂಗಣದಲ್ಲಿ ಮಕ್ಕಳ ಅಳು, ಗಲಾಟೆ ಕಾವಲಿನವರಿಗೆ ರಗಳೆಯಾಯಿತು. ಆ ವರ್ಷದ ಅಕ್ಟೋಬರಿನಿಂದ ಚಿಕ್ಕ ಮಕ್ಕಳನ್ನು ತಾಯ್ತಂದೆಯರಿಂದ ಬಿಡಿಸಿ ರಸ್ತೆಯ ಆಚೆ ಬದಿಯ ಶಿಶುವಿಹಾರದಲ್ಲಿ ಇಡತೊಡಗಿದರು. ರೈಲು ಹೊರಡುವ ದಿನ ಬಂದಾಗ ಮಗುವನ್ನು ತಂದು ತಾಯಿಯ ಕೈಗೆ ಕೊಡುವುದು ಅಲ್ಲಿನ ದಾದಿಯರ ಕೆಲಸ.

ಆ ಶಿಶುವಿಹಾರವನ್ನು 1926ರಿಂದ ನೋಡಿಕೊಳ್ಳುತ್ತಿದ್ದವರು ಹೆನ್ರಿಯೆಟ್ ಪಿಮೆಂಟೆಲ್ ಎಂಬ ಯೆಹೂದ್ಯ ಮಹಿಳೆ. ಅರವತ್ತು ದಾಟಿದ ಹಿರಿಯರು, ಮದುವೆಯಾದವರಲ್ಲ. ಎದುರಿನ ನಾಟಕಶಾಲೆಯ ಮೇಲ್ವಿಚಾರಣೆ ವಾಲ್ಟರ್ ಸ್ಯೂಸ್‌ಕಿಂಡ್ ಎಂಬ ಯೆಹೂದ್ಯನದು. ಜರ್ಮನಿಯಲ್ಲೇ ಹುಟ್ಟಿದವನಾದ್ದರಿಂದ ಅವನಿಗೆ ಅಧಿಕಾರಿಗಳ ಭಾಷೆ ಬರುತ್ತಿತ್ತು, ಅವರನ್ನು ಮಾತಿನಲ್ಲಿ ಮರುಳು ಮಾಡುವ ಜಾಣ್ಮೆಯೂ ಇತ್ತು. ಶಿಶುವಿಹಾರದ ಮಗ್ಗುಲಿಗೆ ಕ್ರೈಸ್ತರ ಒಂದು ಶಿಕ್ಷಕರ ತರಬೇತಿ ಶಾಲೆ, ಅದರ ಮುಖ್ಯಸ್ಥರು ಯೊಹಾನ್ ಫಾನ್ ಹುಲ್ಸ್ಟ್. ಎರಡು ಹಿತ್ತಲುಗಳ ನಡುವೆ ಬರೀ ಒಂದು ಗಿಡದ ಬೇಲಿ.

ಟ್ರಾಂ ಬಂದು ನಿಂತಾಗ

ಮಗುವನ್ನು ಉಳಿಸಬೇಕಾದರೆ ಮೊದಲು ಅದರ ಹೆಸರು ಪಟ್ಟಿಯಲ್ಲಿ ಇರಬಾರದು. ಸ್ಯೂಸ್‌ಕಿಂಡ್ ಮತ್ತು ಅವನ ಗೆಳೆಯರು ಆ ಕಾರ್ಡುಗಳನ್ನು ತಿದ್ದಿ, ತೆಗೆದು, ಲೆಕ್ಕ ಸರಿಹೊಂದಿಸುತ್ತಿದ್ದರು. ಆಮೇಲೆ ದಾದಿಯರು ಕೂಸನ್ನು ಬೇಲಿಯ ಮೇಲಿಂದ ತರಬೇತಿ ಶಾಲೆಯವರ ಕೈಗೆ ದಾಟಿಸುತ್ತಿದ್ದರು. ಕಾಲೇಜು ಹುಡುಗ ಹುಡುಗಿಯರು ಬಂದು ಬೆನ್ನುಚೀಲದಲ್ಲೋ ಬಟ್ಟೆಯ ಬುಟ್ಟಿಯಲ್ಲೋ ಇಟ್ಟು ಒಯ್ಯುತ್ತಿದ್ದರು.

ಕೆಲವು ಮಕ್ಕಳು ಮುಂಬಾಗಿಲಿನಿಂದಲೇ ಹೋದವು! ಟ್ರಾಂ ಬಂದು ಎರಡು ಕಟ್ಟಡಗಳ ನಡುವೆ ನಿಂತರೆ ಎದುರಿನ ಕಾವಲುಗಾರನಿಗೆ ಶಿಶುವಿಹಾರದ ಬಾಗಿಲು ಮರೆಯಾಗುತ್ತಿತ್ತು. ಅಷ್ಟರಲ್ಲಿ ಮಗುವನ್ನೆತ್ತಿಕೊಂಡು ಹೊರಬಂದು, ಚಲಿಸುವ ಟ್ರಾಂ ಪಕ್ಕದಲ್ಲೇ ಓಡಿ, ಮುಂದಿನ ನಿಲ್ದಾಣದಲ್ಲಿ ಹತ್ತಿಬಿಡಬೇಕು. ಒಳಗೆ ಕುಳಿತವರಿಗೆ ಇದೆಲ್ಲ ಕಾಣುತ್ತಿತ್ತು. ಆದರೂ ಯಾರೂ ತುಟಿ ಬಿಚ್ಚುತ್ತಿರಲಿಲ್ಲ ಎಂದು ಬದುಕುಳಿದವರು ನೆನೆದಿದ್ದಾರೆ.

ಹಾಗೆ ಹೋದ ಮಕ್ಕಳು ದೂರದ ಫ್ರೀಸ್‌ಲ್ಯಾಂಡ್, ಲಿಂಬುರ್ಗ್ ಪ್ರಾಂತಗಳ ಹಳ್ಳಿಮನೆಗಳನ್ನು ಸೇರಿದವು. ಅಲ್ಲಿನ ಗೃಹಿಣಿ ಗುರುತಿಲ್ಲದ ಮಗುವನ್ನು ಅಕ್ಕಪಕ್ಕದವರಿಗೆ ಏನೆಂದು ಹೇಳಬೇಕು? ಅದಕ್ಕೆ ಪಡಿತರ ಚೀಟಿ ಎಲ್ಲಿಂದ ತರಬೇಕು? ಅಡಗಿದವರನ್ನು ತೋರಿಸಿಕೊಟ್ಟರೆ ತಲೆಗೆ 7.50 ಗಿಲ್ಡರ್ ಇನಾಮು ಪಡೆಯುವವರೂ ಆ ದೇಶದಲ್ಲೇ ಇದ್ದರು. ಅಂಥ ಕಾಲದಲ್ಲಿ ಮತ್ತೊಬ್ಬರ ಕೂಸಿಗೆ ಹಾಲು ಕಾಯಿಸಿದ ಆ ತಾಯಂದಿರಲ್ಲಿ ಬಹಳ ಮಂದಿಯ ಹೆಸರು ನಮಗೆ ತಿಳಿಯದು.

ಆದರೆ ಎಲ್ಲಕ್ಕಿಂತ ಕಷ್ಟದ ಕೆಲಸ ನಾಟಕಶಾಲೆಯೊಳಗಿದ್ದ ತಾಯಿಯದು. ಅಪ್ಪ ಅಮ್ಮ ಒಪ್ಪಿದರೆ ಮಾತ್ರ ಮಗುವನ್ನು ಸಾಗಿಸುತ್ತಿದ್ದರು. ದಾದಿ ಮೆಲ್ಲಗೆ ಬಂದು ಕಿವಿಯಲ್ಲಿ ಕೇಳುವಳು: ಮಗುವನ್ನು ಬಿಟ್ಟು ಹೋಗುವಿರಾ? ಎಲ್ಲಿಗೆ ಹೋಗುತ್ತದೆ, ಯಾರು ಸಾಕುತ್ತಾರೆ ಎಂದು ಹೇಳುವಂತಿಲ್ಲ. ಮುಂದೆ ತಮಗೇನು ಕಾದಿದೆಯೆಂದು ಅವರಿಗೂ ಗೊತ್ತಿಲ್ಲ. ದುಡಿಮೆಯ ಶಿಬಿರ ಎಂದೇ ಹಲವರ ನಂಬಿಕೆ. ‘ಎಲ್ಲಿಗಾದರೂ ಸರಿ, ಮಗು ನನ್ನ ಜೊತೆಗಿರಲಿ’ ಎಂದವರು ಬಹಳ. ಅವರನ್ನು ಯಾರು ತಪ್ಪೆನ್ನಲಾದೀತು? ಒಪ್ಪಿದ ತಾಯಂದಿರಲ್ಲಿ ಕೆಲವರು, ಲೆಕ್ಕಕ್ಕೆ ಕೂಸು ಇದೆಯೆಂದು ತೋರಿಸಲು, ಹೊದಿಕೆಯಲ್ಲಿ ಸುತ್ತಿದ ಗೊಂಬೆಯನ್ನು ಎದೆಗವಚಿಕೊಂಡು ಹೊರಟರು.

ನನ್ನ ತಂಗಿ ಇದನ್ನು ಹೇಳಿ, “ನೀನಾಗಿದ್ರೆ ಏನ್ಮಾಡ್ತಿದ್ದೆ ಅಕ್ಕಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದವರು, ಉಳಿಯದವರು

ಹೀಗೆ ಸುಮಾರು 600 ಮಕ್ಕಳು ಪಾರಾದವು. 1943ರ ಜುಲೈ 26ರಂದು ಪಿಮೆಂಟೆಲ್ ಅವರನ್ನು ಹಿಡಿದೊಯ್ದರು. ಸೆಪ್ಟೆಂಬರಿನಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಂದರು. ಆಗ ಅವರಿಗೆ 67 ವರ್ಷ. ಸ್ಯೂಸ್‌ಕಿಂಡ್, ಅವನ ಹೆಂಡತಿ, ಪುಟ್ಟ ಮಗಳು, ಮೂವರೂ ಬದುಕಿ ಬರಲಿಲ್ಲ.

ಶಿಶುವಿಹಾರವನ್ನು 1943ರ ಸೆಪ್ಟೆಂಬರ್ 29ರಂದು ಪೂರ್ತಿ ಖಾಲಿ ಮಾಡಿಸಿದರು. ಅದಕ್ಕೆ ಮೊದಲು ಫಾನ್ ಹುಲ್ಸ್ಟ್ ಕೊನೆಯ ಸಲ ಒಳಗೆ ಹೋದಾಗ ಎದುರಿಗೆ ನಿಂತ ಮಕ್ಕಳು ಎಂಬತ್ತೋ ತೊಂಬತ್ತೋ. ಸಿಕ್ಕಿಬೀಳದಂತೆ ಕರೆದೊಯ್ಯಬಹುದಾದದ್ದು ಕೆಲವರನ್ನು ಮಾತ್ರ. 12 ಮಕ್ಕಳನ್ನು ಕರೆತಂದರು. ಹದಿಮೂರನೆಯದನ್ನು ಯಾಕೆ ತರಲಿಲ್ಲವೆಂಬ ಪ್ರಶ್ನೆ ಅವರನ್ನು ಬಿಡಲೇ ಇಲ್ಲ. 1972ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿತು. 107 ವರ್ಷ ಬದುಕಿ 2018ರಲ್ಲಿ ತೀರಿಕೊಂಡ ಆ ಹಿರಿಯರಿಗೆ, ಉಳಿಸಿದವರಿಗಿಂತ ಉಳಿಸಲಾಗದವರ ನೆನಪೇ ಹೆಚ್ಚು ಕಾಡುತ್ತಿತ್ತು.

ಪಾರಾದ ಮಕ್ಕಳ ಬಾಳೂ ಸುಲಭವಾಗಲಿಲ್ಲ. ಯುದ್ಧ ಮುಗಿದಾಗ ಎಷ್ಟೋ ಮಕ್ಕಳನ್ನು ಕರೆಯಲು ಯಾರೂ ಬರಲಿಲ್ಲ. ಸಾಕಿದ ತಾಯಿಯ ಬಳಿ ಇರಬೇಕೋ, ಬದುಕುಳಿದ ನೆಂಟರ ಮನೆಗೆ, ಹುಟ್ಟಿದ ಮತಕ್ಕೆ ಮರಳಬೇಕೋ ಎಂದು ದೊಡ್ಡ ಜಗ್ಗಾಟವೇ ನಡೆಯಿತು. ಇತ್ತ ಹಾಲೆಂಡಿನ ಯೆಹೂದ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಇಲ್ಲವಾಗಿದ್ದರು. ಯುದ್ಧಕಾಲದ ಅಧಿಕಾರಿಗಳ ನಡತೆಗಾಗಿ ಡಚ್ ಪ್ರಧಾನಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 2020ರ ಜನವರಿಯಲ್ಲಿ.

ನೀವೂ ಹೋದರೆ

ಶಿಶುವಿಹಾರದ ಹಳೆಯ ಕಟ್ಟಡ ಈಗಿಲ್ಲ. ತರಬೇತಿ ಶಾಲೆ ಮತ್ತು ನಾಟಕಶಾಲೆಗಳನ್ನು ಸೇರಿಸಿ 2024ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಸ್ಮಾರಕ ಸಂಗ್ರಹಾಲಯ ತೆರೆದಿದ್ದಾರೆ. ಆನ್ ಫ್ರಾಂಕ್ ಎಂಬ ಬಾಲೆ 1942ರಿಂದ 1944ರವರೆಗೆ ಅಡಗಿದ್ದು ದಿನಚರಿ ಬರೆದ ಮನೆಯೂ ಇದೇ ಊರಿನಲ್ಲಿದೆ. ಅದರ ಟಿಕೆಟನ್ನು ಇಂಟರ್‌ನೆಟ್‌ನಲ್ಲಿ ಮುಂಚೆಯೇ ಕೊಳ್ಳಬೇಕು, ಬಾಗಿಲಿಗೆ ಹೋದರೆ ಸಿಗದು.

ಸಂಗ್ರಹಾಲಯದಿಂದ ಸ್ವಲ್ಪ ದೂರ ನಡೆದರೆ 2021ರಲ್ಲಿ ಕಟ್ಟಿದ ಹೆಸರುಗಳ ಗೋಡೆ ಸಿಗುತ್ತದೆ. 1,02,000ಕ್ಕೂ ಹೆಚ್ಚು ಇಟ್ಟಿಗೆ. ಒಂದೊಂದರ ಮೇಲೂ ಒಬ್ಬರ ಹೆಸರು, ಹುಟ್ಟಿದ ದಿನ, ಸತ್ತಾಗಿನ ವಯಸ್ಸು. ಪ್ರವೇಶಕ್ಕೆ ಹಣ ಕೊಡಬೇಕಿಲ್ಲ. ಅವಸರ ಮಾಡದೆ ಒಂದು ಗಂಟೆ ಇಟ್ಟುಕೊಂಡು ಹೋಗಿ. ವಯಸ್ಸು ಬರೆದಿರುವ ಕಡೆ 1, 2, 3 ಎಂಬ ಅಂಕಿಗಳು ಕಂಡಾಗ ಕಾಲು ತಾನಾಗಿ ನಿಲ್ಲುತ್ತದೆ.